ಬೀಗರ ಬಾಯಿಗೆ ಬೀಗ

ಮನುಷ್ಯ ತನ್ನ ಜೀವಮಾನದಲ್ಲಿ ಮಾಡುವ ತಪ್ಪುಗಳಲ್ಲಿ ಮುಕ್ಕಾಲು ಪಾಲನ್ನು ಊಟಕ್ಕೆ ಕುಳಿತಾಗಲೇ ಮಾಡುತ್ತಾನೆ ಎಂಬುದು ನನ್ನ ಅನುಭವ. ಉಳಿದವರ ಸಂಗತಿ ನನಗೆ ಗೊತ್ತಿಲ್ಲ. ನಾನು ಲೋವರ್ ಸೆಕೆಂಡರಿಯ ಬಾಗಿಲ ತನಕ ಹೋಗಿ ಒಳಕ್ಕೆ ಕಾಲಿಡದೆ ಹಿಂದಿರುಗಿದವನು. ಭದ್ರಾವತಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಕುಳಿತು, ಬಂದವರ ಹಿತ್ತಾಳೆ ಬಿಲ್ಲೆ ನೋಡಿ ಹಾಜರಿ ಬರೆಯುವುದು ನನ್ನ ಕೆಲಸ. ಲೋಕಕ್ಕೆ ಬುದ್ಧಿ ಹೇಳುವಷ್ಟು ವಿದ್ಯೆ ನನಗಿಲ್ಲ. ನನ್ನ ತಪ್ಪು ಮಾತ್ರ ನನಗೆ ಕಂಠಪಾಠವಾಗಿದೆ. ಅದು ನಡೆದದ್ದು ನನ್ನ ಮದುವೆಯ ಬೀಗರ ಊಟದಲ್ಲಿ, ಅನ್ನ ಬಡಿಸಿದ ಮೇಲೆ ಮತ್ತು ಪಾಯಸ ಬರುವುದಕ್ಕೆ ಮೊದಲು. ಅಷ್ಟೇ ಹೊತ್ತಿನಲ್ಲಿ ನನ್ನ ಅಕ್ಕನ ಹಾಡು ನಿಂತುಹೋಯಿತು.

ನನ್ನ ಅಕ್ಕ ಗಂಗಮ್ಮ ಬೀಗರ ಹಾಡು ಕಟ್ಟುವುದರಲ್ಲಿ ನಮ್ಮ ಹಳೇ ಊರಿಗೆಲ್ಲ ಹೆಸರಾದವಳು. ಮದುವೆಯಲ್ಲಿ ಒಂದು ಕಡೆಯ ಹೆಂಗಸರು ಇನ್ನೊಂದು ಕಡೆಯವರನ್ನು ಹಾಡಿನಲ್ಲಿ ಗೇಲಿ ಮಾಡುವುದು, ಅವರು ಹಾಡಿನಲ್ಲೇ ತಿರುಗೇಟು ಕೊಡುವುದು ನಮ್ಮಲ್ಲಿ ನಡೆದುಬಂದದ್ದು. ಬಹಳ ಜನ ಅಜ್ಜಿಯ ಕಾಲದ ಹಾಡಿಗೇ ಹೊಸ ಹೆಸರು ಸೇರಿಸಿ ಹಾಡುತ್ತಾರೆ. ಅಕ್ಕ ಹಾಗಲ್ಲ. ಬೀಗರು ಗಾಡಿಯಿಂದ ಇಳಿದು ಕಾಲು ತೊಳೆಯುವಷ್ಟರಲ್ಲಿ ಅವರ ಮೇಲೊಂದು ಹೊಸ ಹಾಡು ಸಿದ್ಧವಾಗಿರುತ್ತಿತ್ತು. ಒಬ್ಬ ಪಟೇಲರು ಕಾಲಿನ ಹೊಸ ಜೋಡು ಕಳುವಾದೀತೆಂದು ಅದನ್ನು ಕಂಕುಳಲ್ಲಿಟ್ಟುಕೊಂಡೇ ಧಾರೆಗೆ ನಿಂತರು. ಅಕ್ಕ ಆ ಜೋಡಿನ ಮೇಲೆ ಕಟ್ಟಿದ್ದನ್ನು ಅವರ ಊರಿನ ಹೆಂಗಸರೇ ಕಲಿತುಕೊಂಡು ಹೋದರು. ಆಮೇಲೆ ಪಟೇಲರು ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು, ನನ್ನ ಜೋಡಿನ ಹಾಡು ಹೇಳಮ್ಮ ಎಂದು ಕೇಳಿ, ಕೊನೆಯ ನುಡಿಗೆ ತಾವೇ ದನಿಗೂಡಿಸುತ್ತಿದ್ದರು.

ಇಷ್ಟೆಲ್ಲ ಇದ್ದೂ ಅವಳು ಧೈರ್ಯವಂತೆಯೇನಲ್ಲ. ಹಾಡುವ ಮೊದಲು ಅವಳ ಅಂಗೈ ತಣ್ಣಗಾಗುತ್ತಿತ್ತು. ಹಾಡನ್ನು ಮೊದಲು ನನಗೆ ಹೇಳುವಳು. ನಾನು ನಕ್ಕರೆ ಅದು ಚಪ್ಪರಕ್ಕೆ, ಇಲ್ಲದಿದ್ದರೆ ಬಚ್ಚಲ ಒಲೆಗೆ. ಕಾಗದದಲ್ಲಿ ಬರೆಯದ ಹಾಡನ್ನು ಒಲೆಗೆ ಹಾಕುವುದು ಹೇಗೆ ಎಂದು ನೀವು ಕೇಳಬಹುದು. ಅದನ್ನು ನಾನೂ ಕೇಳಿದ್ದೆ. ತಲೆಯ ಮೇಲೆ ಮೊಟಕಿದಳು.

ನನಗೆ ಹೆಣ್ಣು ಗೊತ್ತಾದದ್ದು ಶಿವಮೊಗ್ಗದಲ್ಲಿ, ದುರ್ಗಿಗುಡಿಯ ಮನೆ. ಮಾವನವರು ಶಿರಸ್ತೇದಾರರಾಗಿ ನಿವೃತ್ತರಾದವರು. ಮನೆಯಲ್ಲಿ ನಾಲ್ಕು ಕುರ್ಚಿ, ಒಂದು ಗ್ರಾಮಫೋನು. ಆ ಕುರ್ಚಿಗಳನ್ನು ಕಂಡ ದಿನದಿಂದ ನನ್ನ ಬೆನ್ನು ನೆಟ್ಟಗಾಗಿತ್ತು. ಮದುವೆಗೆ ರೈಲಿನಲ್ಲಿ ಹೊರಟಾಗ ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿ, ಮಾವನವರ ಪೇಟದ ಮೇಲೆ ಕಟ್ಟಿದ್ದನ್ನು ಮೆಲ್ಲಗೆ ಹಾಡಿದಳು:

ಪೇಟದ ಬೀಗರು ಬಂದರು ನೋಡೆ
ಪೇಟವ ಮೊದಲು ಕೂರಿಸಿ ತಂಗಿ
ಬೀಗರು ಬೇಕಾದರೆ ನಿಂತಿರಲಿ

ನಾನು ನಗಲಿಲ್ಲ. ಡಬ್ಬಿಯಲ್ಲಿ ಇನ್ನು ಯಾರು ಕೇಳಿಸಿಕೊಂಡರು ಎಂದು ಸುತ್ತ ನೋಡಿದೆ. ಆಮೇಲೆ, ಅಲ್ಲಿ ಇದೆಲ್ಲ ಬೇಡಕ್ಕ, ಅವರು ಓದಿದ ಜನ ಎಂದೆ. ಆಗಲಿ ಬಿಡೋ ಎಂದು ಅವಳು ಕಿಟಕಿಯ ಕಡೆ ತಿರುಗಿದವಳು ಶಿವಮೊಗ್ಗದ ತನಕ ಈ ಕಡೆ ನೋಡಲಿಲ್ಲ.

ಊಟದ ಹೊತ್ತಿಗೆ ಓದಿದ ಜನ ಏನು ಮಾಡಿದರು ಗೊತ್ತೆ? ದುರ್ಗಿಗುಡಿಯ ಹೆಂಗಸರು ಸೆರಗು ಸಿಕ್ಕಿಸಿ ನಿಂತು ಹಾಡೇಬಿಟ್ಟರು:

ಬೆಂಕೀಪುರದ ಬೀಗರು ಬಂದರು
ಬಾಯಿಗೆ ಬೀಗ ಜಡಿದೇ ಬಂದರು
ಬೀಗದ ಕೈಯ ಎಲ್ಲಿಟ್ಟಿರಮ್ಮ

ಬೆಂಕೀಪುರ ಎಂಬುದು ನಮ್ಮ ಭದ್ರಾವತಿಯ ಹಳೆಯ ಹೆಸರು. ಪಾಯಸ ಬರುವುದರೊಳಗೆ ನಮ್ಮ ಕಡೆಯಿಂದ ಉತ್ತರ ಹೋಗಬೇಕು, ಇಲ್ಲದಿದ್ದರೆ ನಾವು ಸೋತ ಹಾಗೆ. ನಮ್ಮವರೆಲ್ಲ ಅಕ್ಕನನ್ನು ನೋಡಿದರು. ಅಕ್ಕ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿ ಎಲೆಯ ತುದಿಯ ಉಪ್ಪಿನಕಾಯಿಯನ್ನು ನೋಡುತ್ತಿದ್ದೆ. ಪಾಯಸ ಬಂತು. ನಮ್ಮ ಮೌನ ನೋಡಲಾರದೆ ಮಾವನವರು ಗ್ರಾಮಫೋನಿಗೆ ಕೀಲಿ ಕೊಡಿಸಿದರು. ಮುಖ ಕಾಣದ ಯಾರೋ ಹೆಂಗಸು ಅದರೊಳಗಿಂದ ಹಾಡಿದಳು.

ಅಲ್ಲಿಂದ ಹನ್ನೊಂದು ವರ್ಷ ಅಕ್ಕ ಯಾವ ಮದುವೆಯಲ್ಲೂ ಬಾಯಿ ತೆರೆಯಲಿಲ್ಲ. ಕೇಳಿದವರಿಗೆ ಗಂಟಲು ಸರಿಯಿಲ್ಲ ಎನ್ನುವಳು. ಕೆಟ್ಟದ್ದು ಗಂಟಲಲ್ಲ ಎಂದು ಗೊತ್ತಿದ್ದ ಒಬ್ಬನೇ ಒಬ್ಬ ನಾನು. ಆ ನಾನು ಮಾಡಿದ್ದೇನೆಂದರೆ, ಹೋದಾಗಲೆಲ್ಲ ಅವಳಿಗೆ ಜ್ಯೇಷ್ಠಮಧುವಿನ ಬೇರು, ಕಲ್ಲುಸಕ್ಕರೆ ಒಯ್ದು ಕೊಡುವುದು. ತಪ್ಪಾಯಿತು ಎನ್ನುವುದಕ್ಕಿಂತ ಬೇರು ಕೊಡುವುದು ಸುಲಭ. ಭಾವ ಒಂದು ದಿನ, ನಿನ್ನ ಬೇರು ತಿಂದು ನಮ್ಮ ಹಸುವಿನ ಕಂಠ ಭೇಷಾಗಿದೆ ಮಾರಾಯ, ಇನ್ನು ಸಾಕು ಮಾಡು ಎಂದರು.

ಹೀಗಿರುವಾಗ ಅಕ್ಕನ ಮಗಳು ಪಾರುವಿಗೆ ಮದುವೆ ಗೊತ್ತಾಯಿತು. ಗಂಡಿನವರು ಶಿವಮೊಗ್ಗದ ರಾಗಿಗುಡ್ಡದ ಕಡೆಯವರು. ಆ ಮನೆಯ ಹೆಂಗಸರ ಹಾಡಿಗೆ ಹೆದರಿ ಸಂಬಂಧ ಬಿಟ್ಟವರೂ ಇದ್ದಾರಂತೆ. ಸ್ವಂತ ಮಗಳ ಮದುವೆಯಲ್ಲೂ ಅಕ್ಕ ಮೂಕಿಯಾಗಿ ಕುಳಿತರೆ ಅವಳ ಹಾಡು ಅಲ್ಲಿಗೆ ಮುಗಿದಂತೆಯೇ ಎಂದು ನನಗೆ ಭಯ ಹತ್ತಿತು. ಗೇಟಿನಲ್ಲಿ ಕುಳಿತೇ ನಾನೊಂದು ಹಾಡು ಕಟ್ಟಿದೆ. ಬೀಗರ ಮನೆಯವರನ್ನೆಲ್ಲ ಒಬ್ಬರೂ ಬಿಡದೆ ಸಾಲಾಗಿ ಹೆಸರಿಸಿ, ಒಬ್ಬೊಬ್ಬರಿಗೂ ಒಂದೊಂದು ಬೈಗುಳ ಸೇರಿಸಿದ್ದೆ. ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಕುಳಿತು ಓದಿದೆ.

"ಇದು ಹಾಡಲ್ಲ ಕಣೋ, ಹಾಜರಿ ಪಟ್ಟಿ," ಎಂದಳು.

ಹಾಗಾದರೆ ನೀನೇ ಕಟ್ಟಕ್ಕ, ಅವತ್ತು ರೈಲಿನಲ್ಲಿ ಬೇಡ ಅಂದದ್ದು ನನ್ನ ತಪ್ಪು ಎಂದು ಹನ್ನೊಂದು ವರ್ಷದ ಮಾತನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವಳ ಬೆರಳು ಅಕ್ಕಿಯಲ್ಲೇ ಓಡಾಡುತ್ತಿತ್ತು.

"ನೀನು ಬೇಡ ಅಂದಿದ್ದಕ್ಕೆ ನಾನು ಬಿಟ್ಟೆ ಅಂದ್ಕೊಂಡ್ಯಾ? ನಿನ್ನ ಮಾತು ನಾನು ಯಾವತ್ತು ಕೇಳಿದ್ದೆನೋ! ಅವರು ಬೀಗದ ಹಾಡು ಹೇಳಿದಾಗ ಉತ್ತರ ನನ್ನ ನಾಲಿಗೆ ತುದೀಲೇ ಇತ್ತು. ನಿನ್ನ ಮುಖ ನೋಡಿದೆ. ನೀನು ಅವರ ಜೊತೆ ಸೇರ್ಕೊಂಡು ನಗ್ತಿದ್ದೆ."

ಉಪ್ಪಿನಕಾಯಿಯ ಮಾತು ಸುಳ್ಳು. ಹನ್ನೊಂದು ವರ್ಷದಿಂದ ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದಿದ್ದೇನೆ, ನಿಮಗೂ ಈಗ ತಾನೇ ಹೇಳಿದೆ. ನಾನು ನಕ್ಕಿದ್ದೆ. ಹೊಸ ಕೋಟು ಹಾಕಿಕೊಂಡು, ಕುರ್ಚಿಯವರ ಪೈಕಿ ನಾನೂ ಒಬ್ಬ ಎಂದು ತೋರಿಸುವುದಕ್ಕೆ, ಹಲ್ಲು ಕಾಣುವ ಹಾಗೆ ನಕ್ಕಿದ್ದೆ.

ಪಾರುವಿನ ಮದುವೆಯ ದಿನ ಬೀಗರು ಊಟಕ್ಕೆ ಕುಳಿತಾಗ ಅಕ್ಕ ತಾನಾಗಿಯೇ ಎದ್ದು ನಿಂತಳು. ಸೆರಗಿಗೆ ಅಂಗೈ ಒರೆಸಿಕೊಂಡದ್ದನ್ನು ನಾನು ಕಂಡೆ. ಇನ್ನೇನಾದರೂ ಆಗಲಿ, ಇವತ್ತು ಹಲ್ಲು ಬಿಡುವುದಿಲ್ಲ ಎಂದು ಮನೆದೇವರ ಮೇಲೆ ಆಣೆ ಇಟ್ಟುಕೊಂಡು ಕುಳಿತಿದ್ದೆ. ಅವಳು ಹಾಡಿದಳು:

ರಾಗಿಗುಡ್ಡದ ಬೀಗರು ಬಂದರು
ರಾಗಿಯ ಕಾಳೊಂದು ತರಲಿಲ್ಲಮ್ಮ
ಗುಡ್ಡವ ಮಾತ್ರ ಹೊತ್ತು ತಂದರು

ಇದು ಗಂಡಿನ ಸೋದರಮಾವನ ಹೊಟ್ಟೆಯ ಮೇಲಿನ ಹಾಡು. ದನಿ ಒಡೆದಿತ್ತು. ಎರಡನೆಯ ನುಡಿಯಲ್ಲಿ ಒಂದು ಮಾತು ಮರೆತು ಮತ್ತೆ ಹಿಂದಿನಿಂದ ಹಿಡಿದಳು. ನಗದೆ ಇರುವುದೇ ಈ ಆಟದ ಪಟ್ಟು; ಬೀಗರ ಹೆಂಗಸರು ತುಟಿ ಬಿಗಿದು ಕುಳಿತರು. ನಮ್ಮವರು ಬಡಿಸುವ ಗಡಿಬಿಡಿಯಲ್ಲಿದ್ದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಕಂಬದಂತೆ ಕುಳಿತಿದ್ದೆ. ನಾಲ್ಕು ನುಡಿ ಇತ್ತು. ನಾಲ್ಕನ್ನೂ ಆ ಮೌನದಲ್ಲೇ ಹಾಡಿ ಮುಗಿಸಿ, ಒಂದು ಲೋಟ ನೀರು ಕುಡಿದು, ಸಾರಿನ ಪಾತ್ರೆ ಎತ್ತಿಕೊಂಡು ಬಡಿಸಲು ಹೋದಳು.

ನಾನು ಕೈ ತೊಳೆಯುವಾಗ ಹತ್ತಿರ ಬಂದು ಕೇಳಿದಳು: "ಯಾಕೋ, ಸೂತಕದ ಮನೇಲಿ ಕೂತೋನ ಹಾಗೆ ಕೂತಿದ್ದೆ? ಅಷ್ಟು ಕೆಟ್ಟದಾಗಿತ್ತಾ?"

ಚೆನ್ನಾಗಿತ್ತಕ್ಕ ಎಂದೆ.

"ಬೀಗರ ಹಾಡು ಚೆನ್ನಾಗಿದ್ರೆ ನಗಬೇಕಲ್ವೇನೋ ಮಾರಾಯ," ಎಂದು ಹೇಳಿ ಒಳಕ್ಕೆ ಹೋದಳು.

ಸಂಜೆ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತ ಭದ್ರಾ ಹೊಳೆಯ ಸೇತುವೆಯ ಮೇಲೆ ಬಂದಾಗ ಅಕ್ಕನ ಹಾಡಿನ ಆ ಗುಡ್ಡ ಇದ್ದಕ್ಕಿದ್ದಂತೆ ಕಣ್ಣ ಮುಂದೆ ಬಂತು. ಎಂಥ ಮಾತು ಅದು! ಸೈಕಲ್ಲಿನಿಂದ ಇಳಿದು, ಕಂಬಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ಒಬ್ಬನೇ ನಕ್ಕೆ. ಆ ನೀರು ಎಲ್ಲಿಯ ತನಕ ನಗೆಯದ್ದು, ಎಲ್ಲಿಂದ ಮುಂದಿನದು ಬೇರೆಯದ್ದು ಎಂದು ನಾನು ಹೇಳಲಾರೆ.

ಬೆಳಗಾದ ಕೂಡಲೇ ಅಕ್ಕನ ಮನೆಗೆ ಓಡಿ ಅದನ್ನೇ ಹೇಳಿದೆ. ಅವಳು ಚಪ್ಪರದ ಒಣಗಿದ ಮಾವಿನೆಲೆ ಗುಡಿಸುತ್ತಿದ್ದಳು.

"ಒಬ್ನೇ ನಕ್ಕ್ಯಾ? ಯಾರೂ ಇಲ್ಲದ ಕಡೆ?"

ಹೂಂ ಎಂದೆ.

"ಸರಿ ಹಾಗಾದ್ರೆ. ಹನ್ನೊಂದು ವರ್ಷ ನಾನೂ ಹಾಗೇ ಹಾಡಿದ್ದು."

ಈ ಮಾತಿಗೆ ನಗಬೇಕೋ ಬೇಡವೋ ತಿಳಿಯದೆ ನಾನು ಅವಳ ಮುಖವನ್ನೇ ನೋಡುತ್ತ ನಿಂತೆ.