ಬಲಗಿವಿ ಬರೆದ ಸ್ಕೂಟರ್ ಪರೀಕ್ಷೆ

ನನ್ನ ಬಲಗಿವಿಯ ಒಳಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶ್ರವಣಯಂತ್ರ ಕೂತು ಎಂಟು ತಿಂಗಳಾದವು. ಎಡಗಿವಿ ಹಿಂದಿನಂತೆಯೇ ಪೂರ್ಣ ಮೌನವ್ರತದಲ್ಲಿದೆ. ಈಗ ಮಾತು ಕೇಳುತ್ತದೆ, ಕುಕ್ಕರ್ ಕೇಳುತ್ತದೆ, ಹಾರ್ನೂ ಕೇಳುತ್ತದೆ. ಹೀಗಿರುವಾಗ ನನ್ನ ಸ್ಕೂಟರಿನ ಕೀಲಿ ಹೆಂಡತಿಯ ವಶದಲ್ಲೇಕೆ ಇರಬೇಕು? ಗೋರ್ವಾದ ಮನೆಯಿಂದ ಫತೇಗಂಜಿನ ಉಡುಪಿ ಹೋಟೆಲಿಗೆ ಒಬ್ಬನೇ ಹೋಗಿ ಒಂದು ದೋಸೆ ತಿಂದು ಬರುವ ಸ್ವಾತಂತ್ರ್ಯ ಧಾರವಾಡದಿಂದ ಗುಜರಾತಿಗೆ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಗೆ ಬೇಡವೇ?

"ಹಾರ್ನ್ ಯಾವ ಕಡಿಯಿಂದ ಬಂತು ಅಂತ ತಿಳೀತದೇನ್ ನಿಮಗ?" ಎಂದಳು ಸುಮಿತ್ರಾ.

"ತಿಳೀತದ. ಸಪ್ಪಳ ಜೋರಾದ್ರ ಹತ್ರ ಬರಾಕತ್ತದ. ಸಣ್ಣದಾದ್ರ ದೂರ ಹೊಂಟದ."

ಅಹಮದಾಬಾದಿನಲ್ಲಿ ನನಗೆ ಕೇಳುವ ತರಬೇತಿ ಕೊಡುವ ಥೆರಪಿಸ್ಟ್ ಬಾಯಿಂದ ಇಷ್ಟು ಕೇಳಿಕೊಂಡು ಬಂದಿದ್ದೆ. ಅವರು ಮುಂದೆಯೂ ಏನೋ ಹೇಳಿದ್ದರು, ಬಸ್ಸಿನ ಅವಸರದಲ್ಲಿ ಕೇಳಿಸಿಕೊಳ್ಳಲಿಲ್ಲ. ಅಡುಗೆಮನೆಯತ್ತ ಬೆನ್ನು ಮಾಡಿ, ಕಣ್ಣು ಮುಚ್ಚಿ ಸಾಬೀತು ಮಾಡಲು ಕುಳಿತೆ. ಸುಮಿತ್ರಾಳ ದನಿ ಏರುತ್ತಾ ಹೋಯಿತು.

"ಈಗ ನೀ ನನ್ನ ಹತ್ರ ಬಂದಿ."

"ನಾ ಎಲ್ಲಿ ಬಂದೇನ್ರೀ? ಒಲಿ ಮುಂದನ ನಿಂತೇನಿ. ಸಿಟ್ಟು ಬಂದದ, ಅಷ್ಟ."

ಮನೆಯ ಸದಸ್ಯರ ಮೇಲೆ ಪ್ರಯೋಗ ಸಲ್ಲದು ಎಂದು ತೀರ್ಮಾನಿಸಿದೆ. ಸಿಟ್ಟಿಲ್ಲದ, ಒಂದೇ ಸಮನೆ ಕೂಗುವ ವಸ್ತು ಬೇಕು. ದಿನಾ ಬೆಳಿಗ್ಗೆ ನಮ್ಮ ಸೊಸೈಟಿಗೆ ತರಕಾರಿ ಗಾಡಿ ಬರುತ್ತದೆ. ಅದರ ಸ್ಪೀಕರ್ "ಬಟಾಟಾ, ಡುಂಗ್ಳಿ, ಭಿಂಡಾ" ಎಂದು ಆಲೂಗಡ್ಡೆ, ಈರುಳ್ಳಿ, ಬೆಂಡೆಕಾಯಿಗಳ ಗುಜರಾತಿ ಹೆಸರನ್ನು ಬಿಡುವಿಲ್ಲದೆ ಜಪಿಸುತ್ತದೆ. ಕಣ್ಣಿಗೆ ಟವೆಲ್ ಕಟ್ಟಿಕೊಂಡು ಗೇಟಿನಲ್ಲಿ ನಿಂತು, ಗಾಡಿ ಬಂದದ್ದು ಹೋದದ್ದು ಸರಿಯಾಗಿ ಹೇಳಿದರೆ ಕೀಲಿ ನನ್ನದು. ಒಪ್ಪಂದವಾಯಿತು.

"ಬರಾಕತ್ತದ," ಎಂದೆ. ಸರಿಯಾಗಿತ್ತು! "ಎದುರಿಗೆ ಬಂತು." ಅದೂ ಸರಿ. ದಿನದಂತೆ ಇನ್ನು ಬಲಕ್ಕೆ ಹೋಗಬೇಕಲ್ಲ, ಬಲಕ್ಕೆ ಮುಖ ತಿರುಗಿಸಿ ಕಾದೆ. ದನಿ ಸಣ್ಣದಾಯಿತು. "ಹೋತು." ಎಡಕ್ಕೆ ನಿಂತಿದ್ದ ಸುಮಿತ್ರಾಳತ್ತ ಹೆಮ್ಮೆಯಿಂದ ತಿರುಗಿದೆ. ದನಿ ಮತ್ತೆ ಜೋರಾಯಿತು. "ಅರೆ, ವಾಪಸ್ ಬಂತು." ಬಲಕ್ಕೆ ತಿರುಗಿದೆ, ಹೋಯಿತು. ಎಡಕ್ಕೆ ತಿರುಗಿದೆ, ಬಂತು. ಹೋಯಿತು, ಬಂತು, ಹೋಯಿತು, ಬಂತು.

"ಇವಾ ಕಾಯಿಪಲ್ಯ ಮಾರ್ತಾನೋ, ರೇಸ್ ಬಿಟ್ಟಾನೋ?" ಎಂದು ಕೇಳಿದೆ. ಕಡೆಯ ಸಲವಂತೂ ಗಾಡಿ ನೇರ ನನ್ನ ಮೇಲೆಯೇ ನುಗ್ಗಿ ಬಂದಂತಾಗಿ, ಪ್ರಾಣ ಉಳಿಸಿಕೊಳ್ಳಲು ಒಂದು ನೆಗೆತ ನೆಗೆದೆ. ಬಿದ್ದದ್ದು ಗಾಡಿಯ ಟೊಮೆಟೊ ರಾಶಿಯ ಮೇಲೆ.

ಟವೆಲ್ ಬಿಚ್ಚಿದೆ. ಗಾಡಿಯವ ತಕ್ಕಡಿ ಹಿಡಿದು ನಿಂತಿದ್ದ. ಎದುರುಮನೆಯ ಜ್ಯೋತ್ಸ್ನಾಬೆನ್ ಬೆಂಡೆಕಾಯಿಯ ತುದಿ ಮುರಿಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಕಾಕಾ, ಬಂದಾಗಿನಿಂದ ಇಲ್ಲೇ ನಿಂತಿದ್ದೇನೆ," ಎಂದ ಗಾಡಿಯವ ಗುಜರಾತಿಯಲ್ಲಿ. "ನೋಡಿ, ಚಕ್ರಕ್ಕೆ ಕಲ್ಲು ಬೇರೆ ಕೊಟ್ಟಿದ್ದೇನೆ."

ಹಾಗಾದರೆ ಓಡಾಡಿದ್ದು ಯಾರು? ಅಂಗಿಯಿಂದ ಟೊಮೆಟೊ ರಸ ಸುರಿಯುತ್ತಿದ್ದರೂ ಕುತೂಹಲ ತಡೆಯಲಾಗಲಿಲ್ಲ. ತಲೆಯನ್ನು ಎಡಕ್ಕೆ ತಿರುಗಿಸಿದೆ, ಬಲಗಿವಿ ಗಾಡಿಗೆ ಎದುರಾಗಿ ಬಟಾಟಾ ಜೋರಾಯಿತು. ಬಲಕ್ಕೆ ತಿರುಗಿಸಿದೆ, ಬಟಾಟಾ ದೂರ ಹೋಯಿತು. ಇಷ್ಟು ಹೊತ್ತೂ ಓಡಾಡಿದ್ದು ನನ್ನ ತಲೆ!

"ಈಗ್ಯಾಕ ತಲಿ ಅಲ್ಲಾಡಸ್ತೀರಿ?"

"ಸಂಶೋಧನೆ."

"ಮೊದಲ ಟೊಮೆಟೋಕ್ಕ ರೊಕ್ಕಾ ಕೊಡ್ರಿ," ಎಂದು ಸುಮಿತ್ರಾ ಕೀಲಿಯನ್ನು ಪರ್ಸಿಗೆ ಹಾಕಿಕೊಂಡಳು.

ಮುಂದಿನ ವಾರ ಅಹಮದಾಬಾದಿನಲ್ಲಿ ಥೆರಪಿಸ್ಟ್ ನನ್ನ ಸಂಶೋಧನೆಯನ್ನು ನಗದೆ ಕೇಳಿದರು. ನಿಂತ ಸದ್ದನ್ನು ಹುಡುಕುವಾಗ ತಲೆ ತಿರುಗಿಸಬೇಕು, ಓಡುವ ಸದ್ದನ್ನು ಕೇಳುವಾಗ ತಲೆ ಅಲ್ಲಾಡಬಾರದು ಎಂದರು. ಬಸ್ಸಿನ ಅವಸರದಲ್ಲಿ ನಾನು ಬಿಟ್ಟು ಬಂದದ್ದು ಇದೇ ಮಾತು.

"ಸದ್ದು ನಿಂತಿದೆಯೋ ಓಡುತ್ತಿದೆಯೋ, ಮೊದಲು ತಿಳಿಯುವುದು ಹೇಗೆ?" ಎಂದು ಕೇಳಿದೆ.

"ಕಣ್ಣು ಬಿಟ್ಟು ನೋಡಿ ಸರ್."

ಈಗ ಪ್ರತಿ ಭಾನುವಾರ ಫತೇಗಂಜಿಗೆ ಹೋಗುತ್ತೇವೆ. ಸುಮಿತ್ರಾ ಸ್ಕೂಟರ್ ಓಡಿಸುತ್ತಾಳೆ, ನಾನು ಹಿಂದೆ ಕುಳಿತು ಯಾವ ಕಡೆಯಿಂದ ಹಾರ್ನ್ ಬರುತ್ತಿದೆ ಎಂದು ಜವಾಬ್ದಾರಿಯಿಂದ ಹೇಳುತ್ತೇನೆ. ನಾನು ಬಲ ಎಂದ ಕೂಡಲೇ ಅವಳು ಎಡಕ್ಕೆ ನೋಡುತ್ತಾಳೆ. ದೇವರ ದಯೆ, ಇಬ್ಬರೂ ಕ್ಷೇಮವಾಗಿದ್ದೇವೆ.