ಭಾವನ ಒಂಬತ್ತು ಜನ ನೆಂಟರು

ಓಕ್ಲ್ಯಾಂಡಿನ ಬೇಸ್‌ಬಾಲ್ ತಂಡದ ಒಂಬತ್ತೂ ಜನ ಆಟಗಾರರು ನಮ್ಮ ಭಾವನ ಹತ್ತಿರದ ನೆಂಟರು. ಪಾಪ, ಆಟಗಾರರಿಗೆ ಈ ವಿಷಯ ಕೊನೆಯವರೆಗೂ ಗೊತ್ತಾಗಲಿಲ್ಲ!

ಭಾವ ಎಂದರೆ ನಮ್ಮಕ್ಕನ ಗಂಡ. ಹುಟ್ಟಿದ್ದು ಮೈಸೂರು, ಮನೆ ಅಮೆರಿಕದಲ್ಲಿ, ಓಕ್ಲ್ಯಾಂಡಿನ ಹತ್ತಿರದ ಡ್ಯಾನ್‌ವಿಲ್. ಆಟಗಾರರ ಹೆಸರು ನಾಲಿಗೆಗೆ ಒಗ್ಗದ ಕಾರಣ ಒಬ್ಬೊಬ್ಬರಿಗೂ ಒಂದೊಂದು ನೆಂಟಸ್ತಿಕೆ ಹಚ್ಚಿಬಿಟ್ಟಿದ್ದರು. ಚೆಂಡೆಸೆಯುವ ಎಡಗೈಯವನು ಹುಬ್ಬಳ್ಳಿ ಸೋದರಮಾವ. ಯಾಕೆ? ಆತ ಒಂದು ಚೆಂಡು ಎಸೆಯುವ ಮೊದಲು ಟೋಪಿ ಸರಿಮಾಡಿಕೊಳ್ಳಬೇಕು, ನೆಲ ಕೆದರಬೇಕು, ಉಗುಳಬೇಕು, ಆಕಾಶ ನೋಡಬೇಕು. "ಮಾವ ಊರಿಗೆ ಹೊರಡೋದೂ ಹೀಗೇ ಕಣಯ್ಯಾ. ಬಸ್ಸು ಹೋದಮೇಲೇ ಅವನಿಗೆ ಚಪ್ಪಲಿ ಸಿಗೋದು!"

ಕೋಚನ್ನೂ ಬಿಟ್ಟಿರಲಿಲ್ಲ. ಮೈದಾನದ ಅಂಚಿನಲ್ಲಿ ನಿಂತು ಮೂಗು, ಕಿವಿ, ಎದೆ, ಭುಜ ಮುಟ್ಟಿಕೊಳ್ಳುತ್ತಾ ಓಟಗಾರನಿಗೆ ಗುಟ್ಟಿನ ಸನ್ನೆ ಮಾಡುವ ಆತ ಪುರೋಹಿತ ಚಿಕ್ಕಪ್ಪ.

"ನೋಡು, ಅಂಗನ್ಯಾಸ ಶುರು ಮಾಡಿದ."

"ರೀ, ಅವನು ಓಡಬೇಡ ಅಂತ ಹೇಳ್ತಿರೋದು," ಎಂದಳು ಅಕ್ಕ.

"ಮಂತ್ರ ಯಾವುದಾದರೇನೇ, ಫಲ ಬಂದರೆ ಸಾಕು."

ಓಟಗಾರ ಓಡಿದ, ಔಟಾದ. ಚಿಕ್ಕಪ್ಪನ ಉಚ್ಚಾರಣೆ ಸರಿಯಿರಲಿಲ್ಲವಂತೆ!

ಈ ಹುಚ್ಚನ್ನು ಮನೆಯವರೆಲ್ಲ ಸಹಿಸಿಕೊಂಡದ್ದಕ್ಕೆ ಕಾರಣವಿತ್ತು. ಭಾವನ ಒಬ್ಬಳೇ ಮಗಳು ಕಂಪ್ಯೂಟರ್ ಓದನ್ನು ಅರ್ಧಕ್ಕೆ ಬಿಟ್ಟು, ಮಡಕೆ ಮಾಡುವುದನ್ನು ಕಲಿಯುತ್ತೇನೆ ಎಂದಿದ್ದಳು. ಭಾವ ಕೂಗಾಡಿದರು. ಅವಳು ಸಾಂಟಾ ಕ್ಲಾರಾದಲ್ಲಿ ಗೆಳತಿಯರ ಜೊತೆ ಅಪಾರ್ಟ್‌ಮೆಂಟು ಹಿಡಿದಳು. ಆಮೇಲೆ ಅಪ್ಪ ಮಗಳ ನಡುವೆ ಉಳಿದದ್ದು ಬೇಸ್‌ಬಾಲಿನ ಮಾತು ಮಾತ್ರ. ಆಟವಿದ್ದ ದಿನ ಫೋನು ಬರುತ್ತಿತ್ತು. ಸೋದರಮಾವ ಹೇಗೆ ಎಸೆದ, ಪುರೋಹಿತರು ಯಾರನ್ನು ಕೆಡವಿದರು, ಅಷ್ಟೇ. ಮಡಕೆಯ ಸುದ್ದಿ ಇವರು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ಆದರೂ ಆ ಫೋನು ಬಂದ ರಾತ್ರಿ ಭಾವ ಇನ್ನೊಂದು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದರು ಎಂಬುದನ್ನು ಅಕ್ಕನಿಂದ ಖಚಿತಪಡಿಸಿಕೊಂಡಿದ್ದೇನೆ.

ಒಂದು ಸಲ ತಂಡದ ದೊಡ್ಡ ಹೊಡೆತಗಾರನಿಗೆ ಬ್ಯಾಟು ಚೆಂಡಿಗೆ ತಾಗುವುದೇ ನಿಂತುಹೋಯಿತು. ಅವನು ಭಾವನ ದಾಯಾದಿ ಅಣ್ಣನ ಮಗ. "ಕಣ್ಣು ಬಿದ್ದಿದೆ!" ಎಂದು ತೀರ್ಮಾನಿಸಿದ ಭಾವ, ಉಪ್ಪು ಮೆಣಸಿನಕಾಯಿ ಹಿಡಿದು ಟೀವಿಗೆ ನಿವಾಳಿಸಿ, ಬಾಣಲೆಯಲ್ಲಿ ಸುಟ್ಟರು. ಅಮೆರಿಕದ ಮನೆಗಳು ದೃಷ್ಟಿ ತೆಗೆಯುವುದಕ್ಕೆಂದು ಕಟ್ಟಿದವಲ್ಲ. ಹೊಗೆಯ ಅಲಾರಮ್ಮು ಅರಚಿಕೊಂಡಿತು. ಕೆಮ್ಮುತ್ತಾ ಎಲ್ಲರೂ ಮನೆ ಮುಂದಿನ ಡ್ರೈವ್‌ವೇಗೆ ಓಡಿದೆವು. ಅಷ್ಟರಲ್ಲಿ ಮಗಳ ಫೋನು.

"ಅಪ್ಪಾ! ನೋಡಿದ್ಯಾ ಅವನ ಹೋಮ್ ರನ್ನು? ಚೆಂಡು ಗೋಡೆಯಾಚೆ ಬಿತ್ತು!"

ಭಾವ ಕಣ್ಣೊರೆಸಿಕೊಂಡು, "ನೋಡಿದೆ ಪುಟ್ಟಿ! ಕಣ್ಣಲ್ಲಿ ನೀರು ಬಂತು," ಎಂದರು. ಅದರಲ್ಲಿ ಅರ್ಧ ನಿಜವಿತ್ತು!

ಆ ತಂಡಕ್ಕೊಂದು ಅಭ್ಯಾಸವಿತ್ತು. ಹುಡುಗ ಚೆನ್ನಾಗಿ ಆಡಲು ಕಲಿತ ಕೂಡಲೇ ಬೇರೆ ಊರಿನ ತಂಡಕ್ಕೆ ಕೊಟ್ಟುಬಿಡುವುದು. ಪ್ರತಿ ಸಲವೂ ಭಾವನದು ಬೀಗರ ಮನೆಗೆ ಮಗಳನ್ನು ಕಳಿಸಿದ ಮುಖ. ಹೊಸ ತಂಡದ ಬಟ್ಟೆಯಲ್ಲಿ ಅವನನ್ನು ಟೀವಿಯಲ್ಲಿ ನೋಡಿದರೆ, "ಇಳಿದುಹೋಗಿದ್ದಾನೆ. ಅಲ್ಲಿ ಸರಿಯಾಗಿ ನೋಡ್ಕೊಳ್ತಿಲ್ಲ," ಎನ್ನುತ್ತಿದ್ದರು. ಆತ ಆನೆಯಂತಿದ್ದ!

ಕೊನೆಗೆ, ಮಾಲೀಕ ಬೇರೆ ಊರಿಗೆ ಒಯ್ದದ್ದರಿಂದ, ತಂಡವೇ ಊರು ಬಿಟ್ಟಿತು. ಓಕ್ಲ್ಯಾಂಡಿನ ಕೊನೆಯ ಆಟಕ್ಕೆ ಭಾವ, ಮಗಳು, ನಾನು ಹೋದೆವು. ಆಟ ಮುಗಿದರೂ ಜನ ಏಳಲಿಲ್ಲ. ಪಕ್ಕದ ಸಾಲಿನ ಅಜ್ಜನೊಬ್ಬ ಟೋಪಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಮಗಳು ನೀರು ತರಲು ಹೋದಳು. ಭಾವ ಖಾಲಿಯಾದ ಮೈದಾನವನ್ನು ನೋಡುತ್ತಾ ಹೇಳಿದರು, "ಇನ್ನು ಅವಳು ಯಾವ ನೆಪದಲ್ಲಿ ಫೋನ್ ಮಾಡ್ತಾಳೆ ಹೇಳಯ್ಯಾ?"

"ಸಮುದ್ರದ ಕೊಲ್ಲಿ ದಾಟಿದರೆ ಆಚೆ ಊರಿನ ಇನ್ನೊಂದು ತಂಡ ಇದೆಯಲ್ಲ, ಭಾವ."

"ಈ ವಯಸ್ಸಿನಲ್ಲಿ ಹೊಸ ನೆಂಟರನ್ನ ಎಲ್ಲಿ ಮಾಡ್ಕೊಳ್ಳಲಿ?"

ಮರುವರ್ಷ ವಸಂತ ಬಂತು. ಆಟಗಳು ಬೇರೆಲ್ಲೋ ಶುರುವಾದವು. ಫೋನು ಬರಲಿಲ್ಲ. ಭಾವ ಕೂತಲ್ಲಿ ಕೂರುತ್ತಿರಲಿಲ್ಲ. ನೀರು ಹಾಕಿದ ಗಿಡಗಳಿಗೇ ಮತ್ತೆ ನೀರು ಹಾಕುತ್ತಿದ್ದರು. ಒಂದು ಸಂಜೆ ನಾನು ಅಲ್ಲಿದ್ದಾಗ, ಯಾರೋ ತಳ್ಳಿದ ಹಾಗೆ ಎದ್ದು ತಾವೇ ಫೋನು ಮಾಡಿದರು. ಸ್ಪೀಕರ್ ಆಫ್ ಮಾಡಲು ಅವರಿಗೆ ಬರುವುದಿಲ್ಲ. ಆದ್ದರಿಂದ ನಾವೂ ಕೇಳಿದೆವು.

"ಅಪ್ಪಾ? ಏನಾಯ್ತು?"

"ಏನಿಲ್ಲ ಪುಟ್ಟಿ. ಸುಮ್ಮನೆ." ಟೀವಿಗೆ ಬೆನ್ನು ಹಾಕಿದರು. "ಆ ಮಣ್ಣು... ಮಡಕೆ ಮಾಡೋಕೆ ಮುಂಚೆ ಅದನ್ನ ಎಷ್ಟು ಹೊತ್ತು ನಾದಬೇಕು?"

ಆ ಕಡೆಯಿಂದ ಮೆಲ್ಲಗೆ, "ಅಪ್ಪಾ, ಅದನ್ನ ನಾನು ಬಿಟ್ಟು ತುಂಬಾ ದಿನ ಆಯ್ತು. ಈಗ ಮಕ್ಕಳ ಡೇಕೇರ್‌ನಲ್ಲಿ ಕೆಲಸ ಮಾಡ್ತಿದೀನಿ. ನೀನು ಕೇಳಲೇ ಇಲ್ಲ."

ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಅವಳಿಗೂ ಮಗಳು ಹೇಳಿರಲಿಲ್ಲ. ಅಷ್ಟೊಂದು ಸಂಜೆ, ಅಷ್ಟೊಂದು ಫೋನು! ಸೋದರಮಾವನ ಮೊಣಕೈ ನೋವಿನವರೆಗೂ ವಿಚಾರಿಸಿಕೊಂಡಿದ್ದ ಮನುಷ್ಯ.

ಭಾವ ಮೆಟ್ಟಿಲ ಮೇಲೆ ಕೂತರು. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಯಾಕೆ ಬಿಟ್ಟೆ, ಪುಟ್ಟಿ? ಹೇಳು. ನನಗೇನೂ ಕೆಲಸವಿಲ್ಲ."