ಅಂಟಣ್ಣನ ಸ್ವಂತ ತೀರ್ಮಾನ

ಊಟದ ಹೊತ್ತಿನಲ್ಲಿ ಅಂಟಣ್ಣ ಆ ತಮಾಷೆ ಹೇಳಬಾರದಿತ್ತು. ಬೈಂಡಿಂಗ್ ಅಂಗಡಿಯ ಬೀರುವಿನ ಕೀಲಿಯನ್ನು ಮರೆವಿನಲ್ಲಿ ಮನೆಯ ಬೀಗಕ್ಕೆ ತೂರಿಸಿದ್ದು, ಬೀಗ ಹಳೇ ಗೆಳೆಯನ ಹಾಗೆ ಬಾಯಿ ತೆರೆದು ಒಳಗೆ ಕರೆದದ್ದು ಅವನಿಗೆ ನಗುವ ಸಂಗತಿಯಾಗಿ ಕಂಡಿತ್ತು. ಹೆಂಡತಿ ನಗಲಿಲ್ಲ.

"ಅಂದ್ರೆ ಇಷ್ಟು ವರ್ಷ ನಾವು ಬೀಗ ಹಾಕ್ತಿದ್ದದ್ದು ಬರೀ ಶಾಸ್ತ್ರಕ್ಕೆ ಅನ್ನಿ."

ಅಂಗಡಿಗೆ ರಜೆಯಿದ್ದ ದಿನ ಬೆಳಿಗ್ಗೆ, ಕಣ್ಣಾಸ್ಪತ್ರೆಗೆ ಹೊರಟ ಅವಳು (ಅಲ್ಲಿ ಬಂದವರನ್ನು ವಿಚಾರಿಸುವ ಮೇಜಿನಲ್ಲಿ ಅವಳ ಕೆಲಸ) ಗಂಡನ ಫೋನಿಗೆ ಎರಡು ನಂಬರು ಹಾಕಿಕೊಟ್ಟಳು. "ಇದು ಕ್ಯಾಮೆರಾದವರದ್ದು, ಇದು ಬೆರಳಿಟ್ಟು ತೆಗೆಯೋ ಬೀಗದವರದ್ದು. ಎರಡೂ ಕೊಳ್ಳೋಕೆ ನಮ್ಮ ಕೈಲಾಗಲ್ಲ. ಯಾವುದು ಅಂತ ನೀವೇ ತೀರ್ಮಾನ ಮಾಡಿ. ಫ್ರಿಜ್ ತಂದಾಗ ನನ್ನನ್ನೊಂದು ಮಾತು ಕೇಳಲಿಲ್ಲ ಅಂತ ವಾರಗಟ್ಟಲೆ ಮುಖ ಊದಿಸ್ಕೊಂಡಿದ್ರಲ್ಲ, ಈ ಸಲ ನಾನು ಬಾಯೇ ಹಾಕಲ್ಲ. ಸಂಜೆ ನಾನು ಬರೋಷ್ಟರಲ್ಲಿ ಬಾಗಿಲಿಗೆ ಏನಾದ್ರೂ ಒಂದು ಬಿದ್ದಿರಬೇಕು, ಅಷ್ಟೇ."

ಮದುವೆಯಾದಂದಿನಿಂದ ಆ ಮನೆಯಲ್ಲಿ ಪರದೆಯ ಬಣ್ಣವನ್ನಾಗಲಿ ಮಂಚದ ಜಾಗವನ್ನಾಗಲಿ ಅಂಟಣ್ಣ ನಿಶ್ಚಯಿಸಿದ್ದಿಲ್ಲ. ಕೈಗೆ ಯಾವಾಗಲೂ ಬೈಂಡಿಂಗಿನ ಅಂಟು ಮೆತ್ತಿರುವುದರಿಂದ ಬಂದ ಹೆಸರನ್ನೂ ಅಕ್ಕಪಕ್ಕದವರೇ ಇಟ್ಟದ್ದು. ಈಗ ಮೊದಲ ಸಲ ಒಂದು ತೀರ್ಮಾನ ತಾನಾಗಿಯೇ ಅವನ ಮಡಿಲಿಗೆ ಬಂದು ಬಿದ್ದಿತ್ತು. ಇದನ್ನು ಸರಿಯಾಗಿ ನಿಭಾಯಿಸಿದರೆ ಮುಂದೆ ಮನೆಯಲ್ಲಿ ತನ್ನ ಮಾತಿಗೊಂದು ತೂಕ ಬರುತ್ತದೆ ಎಂದುಕೊಂಡು, ಟೀ ಲೋಟ ಹಿಡಿದು ಬಾಗಿಲಾಚೆಯ ಮೆಟ್ಟಿಲ ಮೇಲೆ ಯೋಚಿಸುತ್ತ ಕೂತ.

ಆ ಕಟ್ಟಡದಲ್ಲಿ ಮೆಟ್ಟಿಲ ಮೇಲೆ ಕೂತು ಯೋಚಿಸುವುದೂ ಒಂದೇ, ಮೈಕ್ ಹಿಡಿದು ಸಲಹೆ ಬೇಡುವುದೂ ಒಂದೇ.

"ಕ್ಯಾಮೆರಾ ಹಾಕಿಸಪ್ಪ," ಎಂದರು ಮೇಲಿನ ಮನೆಯಿಂದ ಇಳಿದುಬಂದ ನಿವೃತ್ತ ಟೀಚರಮ್ಮ. "ಬೀಗಕ್ಕೆ ಬಾಯಿದ್ಯಾ? ಬಂದವರು ಯಾರು ಅಂತ ಅದು ಹೇಳತ್ತಾ?"

ಎದುರು ಮನೆಯ ಬಾಗಿಲು ತೆರೆಯಿತು. ವಿಮೆ ಮಾಡಿಸುವವರು ಹಲ್ಲುಜ್ಜುತ್ತಲೇ ಹೊರಬಂದರು. "ಯಾರು ಅಂತ ಗೊತ್ತಾಗಿ ಏನ್ ಮಾಡ್ತೀರಿ? ಮನೆ ಖಾಲಿ ಆಗೋದನ್ನ ಫೋನಲ್ಲಿ ಸಿನಿಮಾ ಥರ ನೋಡ್ತಾ ಕೂರೋದಾ?"

"ಕಳ್ಳನ ಮುಖ ಸಿಗತ್ತಲ್ರೀ!"

"ಆ ಮುಖಕ್ಕೆ ಫ್ರೇಮ್ ಹಾಕಿಸ್ತೀರಾ? ಬೀಗ ಹಾಕ್ಸೋ ಅಂಟಣ್ಣ."

"ಅದರ ಬ್ಯಾಟರಿ ಹೋದ್ರೆ?"

"ನಿಮ್ಮ ಕ್ಯಾಮೆರಾ ಏನು ಗಾಳಿ ಕುಡಿದು ಬದುಕತ್ತಾ?"

ಅಂಟಣ್ಣ ಇಬ್ಬರಿಗೂ ತಲೆಯಾಡಿಸುತ್ತ ಹೂಂಗುಟ್ಟಿದ. ಕುತ್ತಿಗೆ ನೋಯಲು ಶುರುವಾದ ಮೇಲೆ ಒಳಗೆ ಬಂದು ಬಾಗಿಲು ಹಾಕಿಕೊಂಡ. ಅಂಗಡಿಯಲ್ಲಿ ಕೂತು ಪುಸ್ತಕ ಹೊಲಿಯುತ್ತ ನಡುನಡುವೆ ತನ್ನ ಮನೆಯ ಬಾಗಿಲನ್ನು ನೋಡಬಹುದು ಎಂಬ ಯೋಚನೆ ಅವನಿಗೆ ಹಿತವೆನಿಸಿತು. ಕನ್ನಡಿಯ ಮುಂದೆ ನಿಂತು "ಕ್ಯಾಮೆರಾ," ಎಂದ. ಕನ್ನಡಿಯಲ್ಲಿದ್ದವನು ಎದುರಾಡಲಿಲ್ಲ. ಫೋನ್ ಮಾಡಿದ.

"ಕ್ಯಾಮೆರಾ ಎಲ್ಲಾ ಖಾಲಿ ಸರ್," ಎಂದಿತು ಒಂದು ಹೆಣ್ಣುದನಿ. "ಇನ್ನು ಮುಂದಿನ ತಿಂಗಳೇ." ಆ ದನಿಯ ಹಿಂದೆ ಯಾರೋ "ಮುಂದಿನವರು ಒಳಗೆ ಬನ್ನಿ" ಎಂದು ಕೂಗುತ್ತಿದ್ದರು. ಕ್ಯಾಮೆರಾಕ್ಕೆ ಜನ ಸಾಲು ನಿಂತಿದ್ದಾರಲ್ಲ ಎಂದು ಅಂಟಣ್ಣ ಬೆರಗಾದ.

ಸರಿ, ಬೀಗದವನಿಗೆ ಫೋನ್ ಮಾಡಿದ. ಅತ್ತ ಫೋನ್ ಎತ್ತುವಷ್ಟರಲ್ಲಿ, ಬೀಗವೇ ಒಳ್ಳೆಯದೆಂದು ತನಗೆ ಮೊದಲಿನಿಂದಲೂ ಅನಿಸುತ್ತಿತ್ತು ಎಂಬುದು ಅವನಿಗೆ ಖಾತ್ರಿಯಾಗಿತ್ತು.

ಬೀಗದವನು ಬಾಗಿಲಿಗೆ ತೂತು ಕೊರೆದು, ಕಪ್ಪಗೆ ಹೊಳೆಯುವ ಬೀಗ ಕೂರಿಸಿ, "ಬೆರಳಿಡಿ ಸಾರ್," ಎಂದ. ಅಂಟಣ್ಣ ಹೆಬ್ಬೆರಳಿಟ್ಟ. ಬೀಗ ಬೇಸರದಿಂದ ಗುರುಗುಟ್ಟಿತು. ಒರೆಸಿ ಇಟ್ಟ, ಊದಿ ಇಟ್ಟ, ಎಡಗೈಯದನ್ನೂ ಇಟ್ಟ. ಬೀಗದವನು ಅವನ ಕೈ ಹಿಡಿದು ಬೆಳಕಿಗೆ ತಿರುಗಿಸಿದ.

"ಬೆರಳಲ್ಲಿ ಗೆರೇನೇ ಇಲ್ವಲ್ಲ ಸಾರ್!"

ವರ್ಷಗಟ್ಟಲೆ ರಟ್ಟು ಉಜ್ಜಿ, ಕಾಗದದ ಅಂಚು ಸವರಿ, ಅಂಟು ಕಿತ್ತು, ಅಂಟಣ್ಣನ ಬೆರಳುಗಳು ಬಚ್ಚಲಿನ ಸೋಪಿನ ಹಾಗೆ ನುಣುಪಾಗಿದ್ದವು.

"ಮಷಿನ್ನೇ ಕೆಟ್ಟಿರಬೇಕು," ಎಂದರು ಕೊರೆಯುವ ಸದ್ದಿಗೆ ವಿಮೆಯವರ ಜೊತೆ ಬಂದು ನಿಂತಿದ್ದ ಟೀಚರಮ್ಮ. ಬೀಗದವನಿಗೆ ಅವಮಾನವಾಯಿತು. "ಹಾಗಾದ್ರೆ ನೀವೇ ಇಡಿ ಅಮ್ಮ." ಅವರು ಇಟ್ಟರು. ಬೀಗ ಆ ಬೆರಳನ್ನು ನೆನಪಿಟ್ಟುಕೊಂಡು, ಗುಬ್ಬಿಯಂತೆ ಚಿಲಿಪಿಲಿಗುಟ್ಟಿ ತೆರೆಯಿತು. ವಿಮೆಯವರೂ ಬಿಡಲಿಲ್ಲ, ಇಟ್ಟರು. ಅವರಿಗೂ ಚಿಲಿಪಿಲಿ.

"ನೋಡಿದ್ರಾ? ಮಷಿನ್ ಸರಿಯಾಗಿದೆ. ಬೆರಳೇ ಸರಿಯಿಲ್ಲ."

"ನಂಬರ್ ಒತ್ತಿ ತೆಗೆಯೋ ಹಾಗಿಲ್ವಾ?" ಅಂಟಣ್ಣ ಮೆಲ್ಲಗೆ ಕೇಳಿದ.

"ಅದು ಮೇಲಿನ ಮಾಡೆಲ್ ಸಾರ್. ಅಮ್ಮಾವ್ರು ಬರಲಿ, ಎಲ್ಲಾ ಸರಿಹೋಗತ್ತೆ," ಎಂದವನೇ ಬೀಗದವನು ಚೀಲ ಹೆಗಲಿಗೇರಿಸಿದ. ಅವನನ್ನು ಕಳಿಸಿಕೊಡಲು ಅಂಟಣ್ಣ ಎರಡು ಮೆಟ್ಟಿಲು ಇಳಿದ. ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡು ಟಕ್ ಎಂದಿತು.

ಟೀಚರಮ್ಮ ಸಂತೋಷದಿಂದಲೇ ತೆಗೆದುಕೊಟ್ಟರು. ತೆಗೆದ ಮೇಲೆ ಒಳಗೂ ಬಂದರು. "ಈ ಪರದೆ ಒಗೆದು ಎಷ್ಟು ದಿನ ಆಯ್ತಪ್ಪ?" ಎಂದು ವಿಚಾರಿಸಿ, ಅಡುಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿ ಹೋದರು. ಮಧ್ಯಾಹ್ನ ಅಂಟಣ್ಣ ಒಣಗಿದ ಬಟ್ಟೆ ತರಲು ಹೊರಗೆ ಬಂದ. ಮತ್ತೆ ಟಕ್. ಈ ಸಲ ವಿಮೆಯವರು ತೆಗೆದರು. ಉಪಕಾರದ ಲೆಕ್ಕಕ್ಕೆ ಸೋಫಾದಲ್ಲಿ ಕೂತು, ಅಂಟಣ್ಣ ಸತ್ತರೆ ಮನೆಗೆ ಏನೇನು ಅನುಕೂಲ ಎಂದು ಬಿಡಿಸಿ ಹೇಳಿದರು.

ಸಂಜೆ ಕಸದ ಬುಟ್ಟಿ ಹೊರಗಿಡಲು ಬಂದಾಗ ಮೂರನೇ ಸಲ ಟಕ್ ಎಂದಿತು. ಟೀಚರಮ್ಮ ವಾಕಿಂಗಿಗೆ ಹೋಗಿದ್ದರು. ವಿಮೆಯವರ ಬಾಗಿಲಿಗೆ ಬೀಗ. ಅಂಟಣ್ಣ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಾಗ ಹೆಂಡತಿ ಬಂದಳು. ಅವನು ಎದ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ಬೀಗ," ಎಂದ. "ನಾನೇ ತೀರ್ಮಾನ ಮಾಡಿದೆ. ಕ್ಯಾಮೆರಾದ ಕಡೆ ತಿರುಗಿಯೂ ನೋಡಲಿಲ್ಲ. ಕಳ್ಳನ ಮುಖಕ್ಕೆ ನಾವೇನು ಫ್ರೇಮ್ ಹಾಕಿಸ್ತೀವಾ?"

"ಒಳ್ಳೇದಾಯ್ತು ಬಿಡಿ."

"ಒಂದೇ ಒಂದು ಸಣ್ಣ ತೊಂದರೆ..."

ಅವಳು ಅವನನ್ನು ಪಕ್ಕಕ್ಕೆ ಸರಿಸಿ ಹೆಬ್ಬೆರಳಿಟ್ಟಳು. ಚಿಲಿಪಿಲಿ. ಬಾಗಿಲು ತೆರೆಯಿತು.

ಅಂಟಣ್ಣನ ಬಾಯಿಯೂ ತೆರೆಯಿತು. "ನಿನ್ನ ಬೆರಳು ಅದಕ್ಕೆ ಹೇಗೆ ಗೊತ್ತು?"

"ನಿನ್ನೆ ಬೀಗದ ಅಂಗಡೀಲಿ ಇದನ್ನ ಕೊಂಡಾಗಲೇ ಬೆರಳಿಟ್ಟು ಬಂದಿದ್ದೆ."

"ನಿನ್ನೇನಾ? ಮತ್ತೆ ನಾನೇನಾದ್ರೂ ಕ್ಯಾಮೆರಾ ಅಂದುಬಿಟ್ಟಿದ್ರೆ?"

"ಅಂದ್ರಲ್ಲ ನೀವು," ಎಂದಳು ಅವಳು ಚಪ್ಪಲಿ ಕಳಚುತ್ತ. "ಫೋನ್ ಎತ್ತಿದ್ದು ನಮ್ಮ ಆಸ್ಪತ್ರೇಲಿ ನನ್ನ ಪಕ್ಕದ ಮೇಜಿನವಳು. ಪಾಪ, ನಗು ತಡಕೊಳ್ಳೋಕೆ ಎಷ್ಟು ಕಷ್ಟಪಟ್ಟಳು ಗೊತ್ತಾ?"

ಅವಳು ಒಳಗೆ ಹೋದಳು. ಅಂಟಣ್ಣ ಕಸದ ಬುಟ್ಟಿಯನ್ನು ಗೋಡೆಯ ಪಕ್ಕಕ್ಕಿಡಲು ಬಗ್ಗಿದ. ಟಕ್.

ಬೆಲ್ ಒತ್ತಲೋ, ಕೂಗಿ ಕರೆಯಲೋ ಎಂದು ಅವನು ತೀರ್ಮಾನಿಸುವಷ್ಟರಲ್ಲಿ, ವಾಕಿಂಗ್ ಮುಗಿಸಿ ಬಂದ ಟೀಚರಮ್ಮ ಹಿಂದಿನಿಂದ ಕೈಚಾಚಿ ಬೆರಳಿಟ್ಟರು.

"ಯಾಕಪ್ಪ ಹೊರಗೇ ನಿಂತೆ? ಸಂಕೋಚ ಪಟ್ಕೋಬೇಡ," ಎಂದು ಬಾಗಿಲು ತೆರೆದು ತಾವೇ ಮುಂದಾದರು. "ಬಾ, ಒಳಗೆ ಬಾ."